ಹಳೆಯ ಔಟ್‌ಬೋರ್ಡ್ ಮೋಟಾರಿನ ಹಗ್ಗ ಎಳೆಯುವ ಮುನ್ನ

ಶೆಡ್ಡಿನ ಮೂಲೆಯಲ್ಲಿ ದಶಕಗಳ ಕಾಲ ಧೂಳು ಹಿಡಿದು ಬಿದ್ದಿದ್ದ ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್, ಆ ದಶಕಗಳನ್ನು ಸಾಮಾನ್ಯವಾಗಿ ತಾಳಿಕೊಂಡಿರುತ್ತದೆ. ಅದು ಕೆಡುವುದು ಯಾರೋ ಅದನ್ನು ಕಂಡು, ಖುಷಿಯಿಂದ ಹೊರಗೆ ತಂದು, ಟ್ಯಾಂಕಿಗೆ ಪೆಟ್ರೋಲು ಸುರಿದು ಸ್ಟಾರ್ಟರ್ ಹಗ್ಗ ಎಳೆದ ಮೊದಲ ದಿನವೇ. ಹಳೆಯ ದೋಣಿ ಮೋಟಾರುಗಳನ್ನು ಬಿಚ್ಚಿ ಜೋಡಿಸುವ ಕೆಲಸವನ್ನು ಬಹಳ ಪ್ರೀತಿಸುವವನಾಗಿ ನನಗೆ ಈ ಅವಸರ ನಿಜಕ್ಕೂ ನೋವು ಕೊಡುತ್ತದೆ, ಏಕೆಂದರೆ ಒಂದಿಷ್ಟು ತಾಳ್ಮೆಯಿಂದ ಉಳಿಯಬಹುದಾಗಿದ್ದ ಯಂತ್ರಗಳು ಹೀಗೆಯೇ ಗುಜರಿ ಸೇರುತ್ತಿವೆ.

ಕಾರಣ ಸರಳವಾಗಿದೆ. ಹಳೆಯ ಔಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಟೂ-ಸ್ಟ್ರೋಕ್ ಎಂಜಿನ್‌ಗಳು. ಅವುಗಳಲ್ಲಿ ಕ್ರ್ಯಾಂಕ್ ಶಾಫ್ಟ್, ಬೇರಿಂಗ್ ಮತ್ತು ಸಿಲಿಂಡರಿಗೆ ಎಣ್ಣೆ ತಲುಪುವುದು ಪೆಟ್ರೋಲಿನೊಂದಿಗೆ ಬೆರೆತು ಮಾತ್ರ. ಓಡದೆ ನಿಂತ ಮೋಟಾರಿನಲ್ಲಿ ಆ ಎಣ್ಣೆಯ ಪದರ ಕಾಲಕ್ರಮೇಣ ಇಳಿದು ಒಣಗಿರುತ್ತದೆ, ಸಿಲಿಂಡರಿನ ಗೋಡೆಗೆ ತೆಳುವಾಗಿ ತುಕ್ಕು ಹತ್ತಿರುತ್ತದೆ, ಪಿಸ್ಟನ್ ರಿಂಗುಗಳು ತಮ್ಮ ತೋಡಿನಲ್ಲೇ ಅಂಟಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಬಲವಾಗಿ ಹಗ್ಗ ಎಳೆದರೆ ತುಕ್ಕಿನ ಕಣಗಳು ಸಿಲಿಂಡರಿನ ಒಳಮೈಯನ್ನು ಗೀಚುತ್ತವೆ, ರಿಂಗು ಮುರಿಯುವುದೂ ಉಂಟು. ಮಾಡಬೇಕಾದದ್ದು ಇಷ್ಟೇ: ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ತೆಳುವಾದ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಕೆಲವು ದಿನ ಹಾಗೆಯೇ ಇಟ್ಟು, ಆಮೇಲೆ ಎಂಜಿನ್ನಿನ ಮೇಲಿರುವ ಭಾರದ ಚಕ್ರವಾದ ಫ್ಲೈವೀಲನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ ನೋಡುವುದು. ಅಲುಗದಿದ್ದರೆ ಮತ್ತೆ ಎಣ್ಣೆ ಬಿಟ್ಟು ಕಾಯಬೇಕು. ಸ್ಪ್ಯಾನರಿಗೆ ಪೈಪು ತೊಡಿಸಿ ಬಲ ಹಾಕುವ ಮನಸ್ಸಾದಾಗ ಉಪಕರಣವನ್ನು ಕೆಳಗಿಟ್ಟು ಎದ್ದು ಹೋಗುವುದೇ ಒಳ್ಳೆಯದು.

ಈ ಮೋಟಾರುಗಳಿಗೆ ಇಷ್ಟು ಸಮಯ ಕೊಡುವುದು ಸಾರ್ಥಕವೇ ಎಂದು ಕೇಳುವವರಿದ್ದಾರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕಿಟ್ಟ ಮೋಟಾರಿನ ಶಕ್ತಿ ಕೇವಲ ಒಂದೂವರೆ ಅಶ್ವಶಕ್ತಿ. ಅಲ್ಲಿಂದ ಮುಂದಿನ ಐವತ್ತು ಅರವತ್ತು ವರ್ಷಗಳವರೆಗೆ ಬಂದ ಸಣ್ಣ ಔಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಅದೇ ಮನೋಭಾವದವು: ದಡದಿಂದ ದೂರದಲ್ಲಿ, ಕೈಯಲ್ಲಿ ನಾಲ್ಕು ಉಪಕರಣ ಮಾತ್ರ ಇರುವ ಮನುಷ್ಯ ತಾನೇ ಬಿಚ್ಚಿ ಸರಿಮಾಡಿಕೊಳ್ಳಬೇಕು ಎಂಬ ಅರಿವಿನಿಂದ ರೂಪುಗೊಂಡವು. ಒಂದೆರಡು ಸಿಲಿಂಡರು, ಫ್ಲೈವೀಲಿನ ಕೆಳಗೆ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುವ ಒಂದು ಮ್ಯಾಗ್ನೆಟೋ, ಒಂದು ಕಾರ್ಬ್ಯುರೇಟರು, ಕೆಳಗೊಂದು ನೀರಿನ ಪಂಪು. ಬ್ಯಾಟರಿ ಕೂಡ ಬೇಕಿಲ್ಲ. ಬಳಸುವವನೇ ಪೂರ್ತಿಯಾಗಿ ಅರ್ಥಮಾಡಿಕೊಳ್ಳಬಲ್ಲ ಯಂತ್ರಗಳು ಈಗ ವಿರಳವಾಗುತ್ತಿವೆ, ಆದ್ದರಿಂದಲೇ ಇವು ಉಳಿಯಬೇಕು ಎಂದು ನಾನು ವಾದಿಸುತ್ತೇನೆ.

ಫ್ಲೈವೀಲ್ ತೆಗೆಯುವ ಹಂತದಲ್ಲೇ ಅನೇಕರು ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಕ್ರ್ಯಾಂಕ್ ಶಾಫ್ಟಿನ ತುದಿಗೆ ಬೀಳುವ ಪೆಟ್ಟು ಅಲ್ಲಿನ ತಿರುಪಿನ ಎಳೆಗಳನ್ನು ಕೆಡಿಸುತ್ತದೆ, ಒಳಗಿನ ಬೇರಿಂಗಿಗೂ ತಲುಪುತ್ತದೆ. ಅನೇಕ ಫ್ಲೈವೀಲುಗಳ ನಡುವೆ ಎಳೆಯಿರುವ ಮೂರು ರಂಧ್ರಗಳಿರುವುದೇ ಚಕ್ರವನ್ನು ಎಳೆದು ತೆಗೆಯುವ ಉಪಕರಣವಾದ ಪುಲ್ಲರ್ ಹಾಕುವುದಕ್ಕಾಗಿ. ಅಂಚನ್ನು ಹಿಡಿದು ಎಳೆಯುವ ಪುಲ್ಲರಿನಿಂದ ಚಕ್ರ ಸೊಟ್ಟಗಾಗಬಹುದು. ಅದರ ಕೆಳಗೆ ಸಿಗುವ, ತೆರೆದು ಮುಚ್ಚಿ ಕಿಡಿ ಬರಿಸುವ ಲೋಹದ ತುದಿಗಳಾದ ಪಾಯಿಂಟ್ಸ್ ಮೇಲೆ ಬೂದು ಬಣ್ಣದ ಆಕ್ಸೈಡ್ ಪದರ ಕೂತಿರುತ್ತದೆ. ಕಿಡಿ ಬಾರದಿರುವುದಕ್ಕೆ ಎಷ್ಟೋ ಸಲ ಆ ಪದರವೊಂದೇ ಕಾರಣ. ನಯವಾದ ಎಮೆರಿಯಿಂದ ಒರೆಸಿ, ಪುಡಿ ಉಳಿಯದಂತೆ ಶುಚಿಮಾಡಿ, ಅಳತೆಯ ತೆಳು ತಗಡುಗಳಿರುವ ಫೀಲರ್ ಗೇಜಿನಿಂದ ಅವುಗಳ ನಡುವಿನ ಅಂತರ ಹೊಂದಿಸಬೇಕು. 1950ರ ದಶಕದ ಅನೇಕ ಜಾನ್ಸನ್ ಮತ್ತು ಎವಿನ್‌ರೂಡ್ ಮೋಟಾರುಗಳಿಗೆ ಅದು 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರು. ಅದೇ ಕಾಲದ ಇಗ್ನಿಷನ್ ಕಾಯಿಲುಗಳ ಹೊರಕವಚ ಬಿರುಕು ಬಿಡುವುದು ಎಷ್ಟು ಸಾಮಾನ್ಯವೆಂದರೆ, ಬಿರುಕು ಕಂಡ ಕೂಡಲೇ ಬದಲಿಸುವುದು ಉತ್ತಮ. ತೆರೆದ ಗಾಳಿಯಲ್ಲಿ ಆರು ಮಿಲಿಮೀಟರಿನಷ್ಟು ಅಂತರವನ್ನು ನೀಲಿ ಕಿಡಿ ಹಾರಿದರೆ ಮ್ಯಾಗ್ನೆಟೋ ಆರೋಗ್ಯವಾಗಿದೆ ಎಂದು ನಂಬಬಹುದು.

ಇಂಧನದ ವಿಷಯದಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಮೊದಲನೆಯದು, ಅನೇಕ ಹಳೆಯ ಕಾರ್ಬ್ಯುರೇಟರುಗಳಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ (ತೇಲು) ಕಾರ್ಕಿನಿಂದ ಮಾಡಿದ್ದು, ಅದರ ಮೇಲೆ ಅರಗಿನ ಲೇಪ ಇರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಆ ಲೇಪವನ್ನು ಕರಗಿಸುತ್ತದೆ. ಕಾರ್ಕು ಪೆಟ್ರೋಲು ಹೀರಿ ಮುಳುಗುತ್ತದೆ, ಕಾರ್ಬ್ಯುರೇಟರು ಉಕ್ಕಿ ಹರಿಯುತ್ತದೆ. ಎಥನಾಲ್ ತಾಳುವ ಲೇಪ ಕೊಡಬೇಕು, ಇಲ್ಲವೇ ಫ್ಲೋಟನ್ನೇ ಬದಲಿಸಬೇಕು. ಎರಡನೆಯದು ಎಣ್ಣೆಯ ಪ್ರಮಾಣ. ಈಗಿನ ಟೂ-ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆ ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಸಾಕು ಎಂಬುದನ್ನು ಕೇಳಿದವರು ಅದನ್ನೇ ಹಳೆಯದಕ್ಕೂ ಹಾಕುತ್ತಾರೆ. ಆದರೆ ರೋಲರ್ ಬೇರಿಂಗಿನ ಬದಲು ಸಾದಾ ಬುಷ್ (ಉರುಳೆಗಳಿಲ್ಲದ ಲೋಹದ ಬಳೆ) ಇರುವ ಮೋಟಾರಿಗೆ ಅದು ಸಾಲದು. 1950ರ ದಶಕದ ಅನೇಕ ಅಮೆರಿಕನ್ ಮೋಟಾರುಗಳಿಗೆ ಇಪ್ಪತ್ನಾಲ್ಕಕ್ಕೆ ಒಂದು, ಹಳೆಯ ಬ್ರಿಟಿಷ್ ಸೀಗಲ್ ಮೋಟಾರುಗಳಿಗೆ ಹತ್ತಕ್ಕೆ ಒಂದು ಎಂಬುದು ತಯಾರಕರೇ ಹೇಳಿದ ಲೆಕ್ಕ.

ಇದರ ಜೊತೆಗೆ ಒಂದು ಎಚ್ಚರಿಕೆ. ಆ ದಶಕದ ಕೆಲವು ಮೋಟಾರುಗಳಿಗೆ ಇಂಧನ ಪಂಪೇ ಇಲ್ಲ. ಕ್ರ್ಯಾಂಕ್ ಕೇಸಿನ ಒತ್ತಡ ಒಂದು ಕೊಳವೆಯಲ್ಲಿ ಟ್ಯಾಂಕಿಗೆ ಹೋಗಿ, ಇನ್ನೊಂದರಲ್ಲಿ ಪೆಟ್ರೋಲನ್ನು ಮೋಟಾರಿಗೆ ತಳ್ಳುತ್ತದೆ. ಹಳೆಯ ರಬ್ಬರ್ ಸೀಲುಗಳಿರುವ ಅಂಥ ಟ್ಯಾಂಕು ಒತ್ತಡದಲ್ಲಿರುವ ಪೆಟ್ರೋಲಿನ ಪಾತ್ರೆ. ಸೀಲು, ಕೊಳವೆ, ಮುಚ್ಚಳ ಮೂರನ್ನೂ ಹೊಸದು ಮಾಡದೆ ಅದನ್ನು ಬಳಸಲೇಬಾರದು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ನೀರಿಲ್ಲದೆ ಓಡಿಸುವುದು. ತಂಪಾಗಿಸುವ ನೀರನ್ನು ಮೇಲೆತ್ತುವ ರಬ್ಬರ್ ಇಂಪೆಲ್ಲರ್ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಗಟ್ಟಿಯಾಗಿ, ಅದರ ರೆಕ್ಕೆಗಳು ಬಾಗಿದಂತೆಯೇ ಉಳಿದಿರುತ್ತವೆ. ನೀರೇ ಅದಕ್ಕೆ ಜಾರುಪದರವಾದ್ದರಿಂದ ಒಣಗಿದ ಸ್ಥಿತಿಯಲ್ಲಿ ಕೆಲವೇ ಕ್ಷಣ ತಿರುಗಿದರೂ ರೆಕ್ಕೆ ಹರಿಯಬಹುದು; ಹರಿದ ಚೂರು ನೀರಿನ ದಾರಿಗೆ ಅಡ್ಡ ಕೂತರೆ ಎಂಜಿನ್ ಕಾದು ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ಇಂಪೆಲ್ಲರ್ ಹಾಕದೆ ಮೊದಲ ಸ್ಟಾರ್ಟ್ ಬೇಡ, ಮತ್ತು ಆ ಮೊದಲ ಸ್ಟಾರ್ಟ್ ನೀರು ತುಂಬಿದ ಪೀಪಾಯಿಯಲ್ಲೇ ಆಗಬೇಕು. ಪಂಪಿನವರೆಗೆ ಹೋಗಲು ಬಿಚ್ಚಬೇಕಾದ ಬೋಲ್ಟುಗಳು, ವಿಶೇಷವಾಗಿ ಉಪ್ಪುನೀರಿನಲ್ಲಿ ಓಡಿದ ಮೋಟಾರಿನಲ್ಲಿ, ಅಲ್ಯೂಮಿನಿಯಮ್ಮಿಗೆ ಬೆಸೆದಂತೆ ಹಿಡಿದಿರುತ್ತವೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಪೆಟ್ರೋಲಿನ ಲವಲೇಶವೂ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು ಸುತ್ತಲಿನ ಲೋಹವನ್ನು ಬಿಸಿಮಾಡಿದರೆ ಹಿಡಿತ ಸಡಿಲುತ್ತದೆ. ಹಾಗೆಯೇ ಗೇರ್ ಕೇಸಿನ ಎಣ್ಣೆಯನ್ನು ಇಳಿಸಿ ನೋಡಬೇಕು. ಅದು ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಹೊಕ್ಕಿದೆ, ಸೀಲು ಬದಲಿಸಬೇಕು.

ಬಣ್ಣದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಮೂಲ ಬಣ್ಣ ಮತ್ತು ತಯಾರಕರ ಅಕ್ಷರಗಳು ಅರ್ಧದಷ್ಟಾದರೂ ಉಳಿದಿದ್ದರೆ ಅವನ್ನು ಕೆರೆದು ಹಾಕುವುದು ತಪ್ಪು. ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ಮೇಣ ಹಚ್ಚಿದರೆ ಸಾಕು. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಯಬಹುದು, ಆದರೆ ಕೆರೆದ ಮೂಲವನ್ನು ಯಾರೂ ಮರಳಿ ತರಲಾರರು. ಮಾದರಿ ಸಂಖ್ಯೆಯ ತಗಡನ್ನಂತೂ ಮುಟ್ಟಲೇಬಾರದು, ಬಿಡಿಭಾಗ ಹುಡುಕುವುದಕ್ಕೆ ಅದೇ ಆಧಾರ.

ಸರಿಹೋದ ಮೋಟಾರನ್ನು ಎಲ್ಲಿ ಓಡಿಸಬೇಕು ಎಂಬುದನ್ನೂ ಪ್ರಾಮಾಣಿಕವಾಗಿ ಯೋಚಿಸಬೇಕು. ಕಾರ್ಬ್ಯುರೇಟರ್ ಇರುವ ಹಳೆಯ ಟೂ-ಸ್ಟ್ರೋಕ್ ತನ್ನ ಇಂಧನದ ಗಣನೀಯ ಭಾಗವನ್ನು ಸುಡದೆಯೇ ನೀರಿಗೆ ಬಿಡುತ್ತದೆ. ಅಮೆರಿಕದ ಟಾಹೋ ಸರೋವರದಲ್ಲಿ 1999ರಿಂದ ಇಂಥ ಮೋಟಾರುಗಳನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ, ಮತ್ತು ಆ ನಿರ್ಧಾರ ಸರಿ ಎಂದೇ ನಾನು ಭಾವಿಸುತ್ತೇನೆ. ಕುಡಿಯುವ ನೀರಿನ ಜಲಾಶಯಗಳಿಂದ ಇವನ್ನು ದೂರವಿಡಬೇಕು. ಆಗೊಮ್ಮೆ ಈಗೊಮ್ಮೆ, ಅನುಮತಿ ಇರುವ ಕಡೆ, ಸ್ವಲ್ಪ ಹೊತ್ತು ಓಡಿಸಿದರೆ ಯಂತ್ರಕ್ಕೂ ಅಷ್ಟು ಸಾಕು.

ಎಲ್ಲ ಮೋಟಾರುಗಳೂ ಮತ್ತೆ ಓಡುವುದಿಲ್ಲ. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳಿದ್ದರೆ, ಸಿಲಿಂಡರು ಆಳವಾಗಿ ತುಕ್ಕು ತಿಂದಿದ್ದರೆ, ಅಲ್ಲಿಗೆ ನಿಲ್ಲಿಸುವುದೇ ವಿವೇಕ. ಅಂಥದನ್ನೂ ದಯವಿಟ್ಟು ಗುಜರಿಗೆ ಕೊಡಬೇಡಿ. ಅದರ ಮ್ಯಾಗ್ನೆಟೋ, ಕಾರ್ಬ್ಯುರೇಟರು, ಗೇರುಗಳನ್ನು ಎಣ್ಣೆ ಸವರಿ, ಮಾದರಿ ಸಂಖ್ಯೆ ಬರೆದು ಎತ್ತಿಡಿ. ಅದೇ ಮಾದರಿಯ ಇನ್ನೊಂದು ಮೋಟಾರನ್ನು ಎಬ್ಬಿಸಲು ಹೊರಟವರು ಆ ಭಾಗಗಳನ್ನೇ ಹುಡುಕುತ್ತಿರುತ್ತಾರೆ.