ಎತ್ತು ಈಯಿತು, ಪೈಪು ತನ್ನಿ

ಸಕಲೇಶಪುರದ ಘಟ್ಟದ ಎತ್ತಿನಹೊಳೆಗೆ ಹಿರಿಯರು ಯಾವ ಗಳಿಗೆಯಲ್ಲಿ ಹೆಸರಿಟ್ಟರೋ! ಅವರ ತಲೆಯಲ್ಲಿದ್ದದ್ದು ಬಸವ ಇರಬೇಕು. ಇಂಜಿನಿಯರುಗಳ ಕಿವಿಗೆ ಬಿದ್ದದ್ದು ಕ್ರಿಯಾಪದ. ಎತ್ತು ಎಂದ ಮೇಲೆ ಎತ್ತಲೇಬೇಕಲ್ಲ. ಗುಂಡ್ಯ, ಕುಮಾರಧಾರಾ, ನೇತ್ರಾವತಿ ಎಂದು ನೆಂಟರ ಮನೆಗಳನ್ನು ಹಾದು ಮಂಗಳೂರಿನ ಕಡಲಿಗೆ ಇಳಿಯುತ್ತಿದ್ದ ನೀರನ್ನು ಪಂಪು ಹಚ್ಚಿ ಬೆಟ್ಟ ಹತ್ತಿಸಿ, ನಮ್ಮ ಕೋಲಾರದ ಕಡೆ ಮುಖ ತಿರುಗಿಸುವ ಯೋಜನೆ ಹುಟ್ಟಿತು.

ಎಷ್ಟು ನೀರು? 24.01 ಟಿಎಂಸಿ. ಆ ಬಾಲದ 0.01ರ ಮೇಲೆ ನನಗೆ ಅಪಾರ ಗೌರವ. ಮಳೆಗಾಲದ 139 ದಿನವೂ ಯಾರೋ ಮೋಡದ ಕೆಳಗೆ ಲೋಟ ಹಿಡಿದು ನಿಂತು ಅಳೆದಂತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಮಾತ್ರ, ಆ ಹಳ್ಳಗಳಲ್ಲಿ ಸಿಗುವುದೇ 9.55 ಟಿಎಂಸಿ ಎಂದಿತು. ಇರಲಿ, ಹದಿನಾಲ್ಕು ಟಿಎಂಸಿ ಆಚೀಚೆ ಆದೀತು, ಆ 0.01 ಆಗಬಾರದು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಗಾದೆಯವನು ಬಡವ. ಅವನಿಗೆ ಒಂದು ಹಗ್ಗದ ಖರ್ಚು. ಇಲ್ಲಿ ಕೊಟ್ಟಿಗೆಯ ಅಂದಾಜು ಖರ್ಚು 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಕರು ಮಾತ್ರ ಅದೇ 24.01.

ಇದು ಕುಡಿಯುವ ನೀರಿನ ಯೋಜನೆ. ಹಾಗೆಂದು ಬರೆದರೆ ಪರಿಸರ ಅನುಮತಿಯ ಗೊಡವೆ ಇರುವುದಿಲ್ಲ. ಇದರಲ್ಲಿ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಲಿಕ್ಕೆ. ಕೆರೆ ತುಂಬಿದರೆ ಬೋರ್‌ವೆಲ್‌ನಲ್ಲಿ ನೀರು ಏರುತ್ತದೆ, ಬೋರ್‌ವೆಲ್ ಓಡಿದರೆ ಟೊಮೆಟೊ ಕುಡಿಯುತ್ತದೆ. ಟೊಮೆಟೊ ಕುಡಿದದ್ದೂ ಕುಡಿಯುವ ನೀರೇ ತಾನೇ?

2024ರ ಗೌರಿ ಹಬ್ಬದ ದಿನ ಮುಖ್ಯಮಂತ್ರಿಗಳೇ ಬಂದು ಮೊದಲ ಹಂತವನ್ನು ಉದ್ಘಾಟಿಸಿ ಬಾಗಿನ ಅರ್ಪಿಸಿದರು. ನೀರು ಬೆಟ್ಟ ಹತ್ತಿತು, ಸುಳ್ಳು ಹೇಳಬಾರದು. ಆದರೆ ಮುಂದಿನ ಕಾಲುವೆ ಮುಗಿದಿರಲಿಲ್ಲವಾದ್ದರಿಂದ ಅದನ್ನು ವಾಣಿವಿಲಾಸ ಸಾಗರದ ಕಡೆಗೆ ಬಿಟ್ಟರು. ಬಾಗಿನ ತೆಗೆದುಕೊಂಡು ಕೋಲಾರಕ್ಕೆ ಹೊರಟ ಗೌರಿ ಹಿರಿಯೂರಿನಲ್ಲೇ ಇಳಿದುಕೊಂಡಳು.

ಮೊನ್ನೆ ನಮ್ಮೂರ ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ತೂಬಿನ ಕಲ್ಲೇ ವಿಕೆಟ್ಟು. ಏರಿಯ ಮೇಲೆ ಬೀಡಿ ಹಚ್ಚಿಕೊಂಡು ಕುಳಿತಿದ್ದ ತಾತ ಕೇಳಿದರು: "ಏನಪ್ಪಾ, ಹೊಳೆ ಎಲ್ಲಿಯವರೆಗೆ ಬಂತಂತೆ?"

"ಹೊರಟಿದೆಯಂತೆ ತಾತ."

ಅಷ್ಟರಲ್ಲಿ ಚೆಂಡು ಕಲ್ಲಿಗೆ ಬಡಿಯಿತು. ಬ್ಯಾಟು ಬಿಸಾಕಿ ಬರುತ್ತಿದ್ದ ಹುಡುಗನನ್ನು ನೋಡಿ ತಾತ ಬೀಡಿಯ ಬೂದಿ ಕೊಡವಿದರು. "ಇವರಪ್ಪನೂ ಇದೇ ಕಲ್ಲಿಗೇ ಔಟಾಗುತ್ತಿದ್ದ."