ಫೇಸ್‌ಬುಕ್‌ನಲ್ಲಿ ಅನ್‌ಫ್ರೆಂಡ್ ಮಾಡಿದವರ ಪಟ್ಟಿ ಕೊಡುವ ಆ್ಯಪ್: ಸ್ಪಷ್ಟನೆ

‘ಈ ಲಿಂಕ್ ಒತ್ತಿ ಲಾಗಿನ್ ಆಗಿ, ಇದುವರೆಗೆ ನಿಮ್ಮನ್ನು ಅನ್‌ಫ್ರೆಂಡ್ ಮಾಡಿದವರೆಲ್ಲರ ಹೆಸರು ಸಿಗುತ್ತದೆ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಅನ್‌ಫ್ರೆಂಡ್ ಆದಾಗ ಫೇಸ್‌ಬುಕ್ ನೋಟಿಫಿಕೇಶನ್ ಕಳಿಸುವುದಿಲ್ಲ. ಹೊರಗಿನ ಆ್ಯಪ್‌ಗಳಿಗೆ ನಿಮ್ಮ ಪೂರ್ತಿ ಸ್ನೇಹಿತರ ಪಟ್ಟಿ ಕೊಡುವುದನ್ನೂ ಅದು 2015ರಲ್ಲೇ ನಿಲ್ಲಿಸಿದೆ. ಅದೇ ಆ್ಯಪ್ ಬಳಸುವ ಸ್ನೇಹಿತರಷ್ಟೇ ಅದಕ್ಕೆ ಕಾಣಬಹುದು. ಬ್ರೌಸರ್ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ನಿಮ್ಮ ಪುಟವನ್ನೇ ಓದಿ ಪಟ್ಟಿ ಮಾಡಿಕೊಂಡರೂ ಹಾಕಿಕೊಂಡ ದಿನದಿಂದ ಮುಂದಿನ ಲೆಕ್ಕ ಮಾತ್ರ ಕೊಟ್ಟೀತು. ಹಳೆಯದು ಎಲ್ಲಿಂದ ಬರಬೇಕು?

ಒಬ್ಬರ ಮೇಲೆ ಅನುಮಾನವಿದ್ದರೆ ಅವರ ಪ್ರೊಫೈಲ್ ತೆರೆಯಿರಿ. ‘ಫ್ರೆಂಡ್ಸ್’ ಬದಲು ‘ಆ್ಯಡ್ ಫ್ರೆಂಡ್’ ಇದ್ದರೆ ಈಗ ಸ್ನೇಹಿತರಲ್ಲ ಎಂದರ್ಥ. ಸ್ನೇಹಿತರ ಸ್ನೇಹಿತರು ಮಾತ್ರ ರಿಕ್ವೆಸ್ಟ್ ಕಳಿಸಲಿ ಎಂದು ಅವರು ಸೆಟ್ಟಿಂಗ್ ಇಟ್ಟಿದ್ದರೆ ಆ ಬಟನ್ನೂ ಕಾಣದೇ ಇರಬಹುದು. ಪ್ರೊಫೈಲೇ ಸಿಗದಿದ್ದರೆ ಖಾತೆ ಮುಚ್ಚಿರಬಹುದು, ಇಲ್ಲವೇ ಬ್ಲಾಕ್ ಆಗಿರಬಹುದು. ಇಬ್ಬರಿಗೂ ಪರಿಚಯವಿರುವ ಬೇರೊಬ್ಬರ ಫೋನಿನಲ್ಲಿ ಹುಡುಕಿ: ಅಲ್ಲಿ ಸಿಕ್ಕರೆ ಬಹುತೇಕ ಬ್ಲಾಕೇ. ಸ್ನೇಹಿತರ ಸಂಖ್ಯೆ ಒಂದೆರಡು ಇಳಿದದ್ದನ್ನೇ ನೋಡಿ ಮುನಿಸಿಕೊಳ್ಳಬೇಡಿ, ಯಾರೋ ಖಾತೆ ತಾತ್ಕಾಲಿಕವಾಗಿ ಮುಚ್ಚಿದ್ದರಿಂದಲೂ ಅದು ಇಳಿದಿರಬಹುದು.

ಪಟ್ಟಿಯೇ ಬೇಕೆಂದರೆ ಫೇಸ್‌ಬುಕ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡುವ ಆಯ್ಕೆಯಿದೆ. ಸ್ನೇಹಿತರ ಭಾಗವನ್ನಷ್ಟೇ ಆರಿಸಿ ಇಳಿಸಿಕೊಳ್ಳಿ, ಕೆಲವು ತಿಂಗಳ ನಂತರ ಮತ್ತೆ ಇಳಿಸಿ ಎರಡನ್ನೂ ಹೋಲಿಸಿ. ಬೇಸರದ ಕೆಲಸ, ಆದರೆ ಪಾಸ್‌ವರ್ಡ್ ಯಾರ ಕೈಗೂ ಹೋಗುವುದಿಲ್ಲ.

ಆ ಲಿಂಕ್‌ನಲ್ಲಿ ಈಗಾಗಲೇ ಲಾಗಿನ್ ಆಗಿದ್ದರೆ ಕೂಡಲೇ ಪಾಸ್‌ವರ್ಡ್ ಬದಲಿಸಿ, ಗುರುತಿಲ್ಲದ ಸಾಧನಗಳಿಂದ ಲಾಗ್‌ಔಟ್ ಮಾಡಿ, ಸೆಟ್ಟಿಂಗ್ಸ್‌ನ ‘ಆ್ಯಪ್ಸ್ ಆ್ಯಂಡ್ ವೆಬ್‌ಸೈಟ್ಸ್’ನಿಂದ ಆ ಆ್ಯಪ್ ತೆಗೆದುಹಾಕಿ, ಎರಡು ಹಂತದ ದೃಢೀಕರಣ ಆನ್ ಮಾಡಿ.