ಗಿಣಿಗೇರಾ ಗೇಟು, ಪುಣೆ ಗೇಟು

ಪುಣೆಯಲ್ಲಿ ನನ್ನದು ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ. ಹಾಗಾಗಿ ಕೊಪ್ಪಳಕ್ಕೆ ಬಂದಾಗಲೂ ಗಿಣಿಗೇರಾ ಕಡೆಯ ಕಾರ್ಖಾನೆಗಳ ಮುಂದೆ ಹಾಯುವಾಗ ಕಣ್ಣು ಹೋಗುವುದು ಗೇಟಿನಲ್ಲಿ ನಿಂತವನ ಮೇಲೆಯೇ.

ನಮ್ಮೂರ ಕಡೆಯ ಸೂಪರ್‌ವೈಸರ್‌ಗಳಿಗೆ ತಮ್ಮ ಹುಡುಗರ ಸಂಗತಿಯೆಲ್ಲ ಗೊತ್ತು. ಯಾರ ಹೊಲದಲ್ಲಿ ಬಿತ್ತನೆ, ಯಾರ ತಾಯಿಗೆ ಆರಾಮಿಲ್ಲ, ಗವಿಮಠದ ಜಾತ್ರೆಗೆ ಹೇಳದೆ ಕೇಳದೆ ಯಾರು ಗೈರಾಗುತ್ತಾರೆ, ಎಲ್ಲ ಬಾಯಿಪಾಠ. ನನ್ನ ಕೈಕೆಳಗಿನ ಅರ್ಧ ಜನರ ಊರೇ ನನಗೆ ತಿಳಿಯದು. ಆದರೂ ಗಾರ್ಡ್ ಕೆಲಸವೇ ಗತಿ ಎಂದಾದರೆ ಪುಣೆಗೆ ಬಾ ಎನ್ನುತ್ತೇನೆ.

ಗಿಣಿಗೇರಾದಲ್ಲಿ ರಾತ್ರಿ ಎಂಟಕ್ಕೆ ಪಾಳಿ ಬಿಡಿಸಲು ಬರಬೇಕಾದ ಗಾರ್ಡ್, ಅಂದರೆ ರಿಲೀವರ್, ಬರಲಿಲ್ಲ ಅನ್ನಿ. ತಗಡಿನ ಕ್ಯಾಬಿನ್ನಿನಲ್ಲಿ ಮೇ ತಿಂಗಳ ಬಿಸಿಲು, ಸ್ಪಾಂಜ್ ಐರನ್ನಿನ ಕರಿ ಧೂಳು ಎರಡನ್ನೂ ಹಗಲಿಡೀ ಉಂಡವನ ಹೆಗಲ ಮೇಲೆ ಸೂಪರ್‌ವೈಸರ್ ಕೈ ಹಾಕುತ್ತಾನೆ: “ಇದೊಂದಿನ ಡಬಲ್ ಮಾಡಲೇ ತಮ್ಮಾ, ನಾ ಅದೀನಲ್ಲ.” ಕೆಲಸ ಕೊಡಿಸಿದ ಅಣ್ಣನಿಗೆ ಒಲ್ಲೆ ಅನ್ನುವುದು ಹೇಗೆ? ನಸುಕಿನ ಮೂರಕ್ಕೆ ಲಾರಿ ತೂಗುವ ವೇಬ್ರಿಡ್ಜ್ ಹತ್ತಿರ ಆ ಗಾರ್ಡ್ ಗೇಟ್‌ಪಾಸ್ ಓದುವುದಿಲ್ಲ, ಲಾರಿಗೆ ಸುಮ್ಮನೆ ಕೈ ಬೀಸುತ್ತಾನೆ. ಸ್ಕ್ರ್ಯಾಪ್ ಕಡಿಮೆ ಬಿದ್ದರೆ ಬೈಸಿಕೊಳ್ಳುವವನೂ ಅವನೇ.

ಮಹಾರಾಷ್ಟ್ರದಲ್ಲಿ 1981ರ ಕಾಯ್ದೆಯಿಂದ ಬಂದ ಸೆಕ್ಯುರಿಟಿ ಗಾರ್ಡ್ ಮಂಡಳಿಗಳಿವೆ. ಗಾರ್ಡಿನ ಹೆಸರು ಅಲ್ಲಿ ನೋಂದಣಿಯಾಗಿರುತ್ತದೆ. ಕಂಪನಿ ಪಗಾರದ ಜೊತೆಗೆ ಲೆವಿ ಎಂಬ ಹೆಚ್ಚುವರಿ ಹಣವನ್ನೂ ಮಂಡಳಿಗೆ ಕಟ್ಟುತ್ತದೆ, ಗಾರ್ಡಿಗೆ ಪಗಾರ ಕೊಡುವುದು ಮಂಡಳಿ. ನಾನು ಅವನ ಅನ್ನದಾತನಲ್ಲ. ಎಂಟು ತಾಸು ಮುಗಿದರೆ ಬೆಲ್ಟ್ ಬಿಚ್ಚಿ, ರಿಜಿಸ್ಟರಿಗೆ ಸಹಿ ಹಾಕಿ ಹೊರಟೇಬಿಡುತ್ತಾನೆ. ಕಿರಿಕಿರಿ ಹೌದು. ಆದರೆ ಅದಕ್ಕಾಗಿಯೇ ನಾಳಿನ ರಿಲೀವರ್ ಯಾರೆಂದು ನಾನು ಇವತ್ತೇ ಹೊಂದಿಸಿಡಬೇಕಾಗುತ್ತದೆ. (ಮಂಡಳಿಯ ಹೊರಗೆ ದುಡಿಯುವ ಗಾರ್ಡುಗಳು ಅಲ್ಲೂ ಬೇಕಾದಷ್ಟಿದ್ದಾರೆ, ಅವರ ಪಾಡು ನಮ್ಮವರ ಪಾಡೇ.)

ಹಾಗಂತ ಕರ್ನಾಟಕದಲ್ಲಿ ಕಾನೂನೇ ಇಲ್ಲವೆಂದಲ್ಲ. ಗಾರ್ಡುಗಳನ್ನು ಒದಗಿಸುವ ಏಜೆನ್ಸಿಗೆ ಲೈಸೆನ್ಸ್, ಗಾರ್ಡಿಗೆ ತರಬೇತಿ ಕಡ್ಡಾಯ ಮಾಡಿದ 2005ರ ಕೇಂದ್ರ ಕಾಯ್ದೆ ಎಲ್ಲರಿಗೂ ಒಂದೇ. ಕೊರತೆ ಇರುವುದು ಏಜೆನ್ಸಿ ತನ್ನ ಕ್ಲೈಂಟಿಗೆ, ಅಂದರೆ ಕಾರ್ಖಾನೆಗೆ, ಕೊಡುವ ಬಿಲ್ಲಿನಲ್ಲಿ. ಹಗಲಿಗೊಬ್ಬ, ರಾತ್ರಿಗೊಬ್ಬ ಎಂದು ಕರಾರು ಮಾಡಿಕೊಳ್ಳುವ ಕ್ಲೈಂಟ್, ಏಳನೇ ದಿನ ಯಾರು ನಿಲ್ಲಬೇಕೆಂದು ಕೇಳುವುದಿಲ್ಲ. ಗಾರ್ಡ್ ನಿಲ್ಲುವ ಒಂದು ಪಾಯಿಂಟಿಗೆ ಎಂಟು ತಾಸಿನಂತೆ ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬನಿಗೆ ವಾರದಲ್ಲಿ ಆರೇ ಪಾಳಿ ಎಂದಮೇಲೆ ಬೇಕಾದ್ದು ಮೂರೂವರೆ ಜನ. ಕರಾರು ನವೀಕರಿಸುವಾಗ ನಮ್ಮ ಕಡೆಯ ಏಜೆನ್ಸಿಗಳು ಕ್ಲೈಂಟನ್ನು ಕೂಡಿಸಿಕೊಂಡು ಈ ಲೆಕ್ಕ ತೋರಿಸಲಿ, ಕರಾರಿನ ಇಬ್ಬರ ಮೇಲೆ ಬೇಕಾದ ಆ ಒಂದೂವರೆ ಮನುಷ್ಯನ ಪಗಾರವನ್ನೂ ಬಿಲ್ಲಿಗೆ ಸೇರಿಸಲಿ.